ಮನೆಯೊಳಗಿನ ಪರಿಸರ: ಬೆಂಗಳೂರಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಬಡಾವಣೆಯ ಸಭೆಯಲ್ಲಿ, ಲಿಫ್ಟಿನ ಮುಂದೆ, ಕಸದ ಗಾಡಿಗೆ ಕಾಯುತ್ತಾ ನಿಂತಾಗ ಜನ ಕೇಳುವ ಪ್ರಶ್ನೆಗಳು ಇವು. ಉತ್ತರಗಳು ಬೆಂಗಳೂರಿನ ಲೆಕ್ಕದಲ್ಲಿವೆ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದ ಮನೆಗಳಿಗೂ ಬಹುಪಾಲು ಹೊಂದುತ್ತವೆ. ಮನೆಯಲ್ಲಿ ನಾವು ಯಾವುದಕ್ಕೆ ದಿನವೂ ಗೊಣಗುತ್ತೇವೋ ಅದು ಸಾಮಾನ್ಯವಾಗಿ ಸಣ್ಣದು, ಕಣ್ಣಿಗೆ ಬೀಳದೆ ಹೋಗುವುದೇ ದೊಡ್ಡದು. ಆದ್ದರಿಂದ ದೊಡ್ಡದನ್ನು ಮುಂದೆ, ಸಣ್ಣದನ್ನು ಹಿಂದೆ ಇಟ್ಟು ಉತ್ತರಿಸಿದ್ದೇನೆ.

ಎಲ್ಲವನ್ನೂ ಮಾಡಲು ಪುರುಸೊತ್ತಿಲ್ಲ. ಒಂದೇ ಒಂದು ಕೆಲಸ ಹೇಳಿ ಎಂದರೆ ಯಾವುದು?

ಹಸಿ ಕಸವನ್ನು ಬೇರೆ ಇಡುವುದು. ನಮ್ಮ ಮನೆಗಳ ಕಸದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿಯದೇ: ತರಕಾರಿ ಸಿಪ್ಪೆ, ಕಾಫಿ ಚರಟ, ಮಿಕ್ಕ ಅನ್ನ, ಬಾಡಿದ ಹೂವು. ಇದೇ ಸಿಪ್ಪೆ ಹಿತ್ತಲಿನ ಗುಂಡಿಗೆ ಬಿದ್ದರೆ ಎರಡು ತಿಂಗಳಲ್ಲಿ ಗೊಬ್ಬರ. ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿಸಿಕೊಂಡು ಕಸದ ರಾಶಿಯ ಅಡಿಗೆ ಹೋದರೆ ಗಾಳಿಯಾಡದೆ ಕೊಳೆತು ಮೀಥೇನ್ ಬಿಡುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಹೆಚ್ಚು ಬಲಶಾಲಿ. ಜೊತೆಗೆ ಕೊಳೆತ ಕಪ್ಪು ನೀರು ಅಂತರ್ಜಲಕ್ಕೆ ಇಳಿಯುತ್ತದೆ, ಪಕ್ಕದಲ್ಲಿದ್ದ ಒಣ ಕಾಗದ, ಪ್ಲಾಸ್ಟಿಕ್ಕನ್ನೂ ಯಾರಿಗೂ ಬೇಡವಾಗುವಂತೆ ಕೆಡಿಸುತ್ತದೆ.

ಈ ರಾಶಿ ಎಲ್ಲಿದೆ ಎಂದು ಕೇಳುವವರು ಬೆಂಗಳೂರಿನ ಹೊರವಲಯದ ಮಂಡೂರನ್ನು ನೆನಪಿಸಿಕೊಳ್ಳಬೇಕು. ನಗರದ ಕಸವನ್ನು ವರ್ಷಗಟ್ಟಲೆ ಹೊತ್ತ ಆ ಊರಿನವರು ನಾತ, ನೊಣ, ಕೆಟ್ಟ ನೀರು ತಾಳಲಾರದೆ ಬೀದಿಗಿಳಿದರು. 2014ರ ಡಿಸೆಂಬರ್ ಹೊತ್ತಿಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಅದಕ್ಕೂ ಮೊದಲು ಮಾವಳ್ಳಿಪುರದಲ್ಲಿ ಇದೇ ಕತೆ ಆಗಿತ್ತು. ಲಾರಿ ನಿಂತಿತು ಎಂದರೆ ಕಸ ನಿಂತಿತು ಎಂದಲ್ಲ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳತ್ತ ತಿರುಗಿತು, ಅಷ್ಟೇ.

ಹಸಿರು ಬುಟ್ಟಿ, ಕೆಂಪು ಬುಟ್ಟಿ, ಚೀಲ. ಯಾವುದು ಎಲ್ಲಿಗೆ?

ಎರಡು ಬುಟ್ಟಿ, ಒಂದು ಚೀಲದ ಈ ಪದ್ಧತಿಯನ್ನು 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿಗೆ ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಕೊಳೆಯುವಂಥದ್ದು, ಒಳಗೆ ಪ್ಲಾಸ್ಟಿಕ್ ಕವರ್ ಹಾಸದೆ. ಕೆಂಪಿಗೆ ಪ್ಯಾಡ್, ಡೈಪರ್, ಬ್ಯಾಂಡೇಜು, ಕೂದಲು, ಗುಡಿಸಿದ ಧೂಳು. ಚೀಲಕ್ಕೆ ಕಾಗದ, ಪ್ಲಾಸ್ಟಿಕ್, ಗಾಜು, ಲೋಹ, ಬಟ್ಟೆ.

ಗೊಂದಲವಾಗುವ ವಸ್ತುಗಳು ಕೆಲವೇ. ಮೊಟ್ಟೆ ಸಿಪ್ಪೆ ಹಸಿ. ಎಣ್ಣೆ ಹತ್ತಿದ ಪಿಜ್ಜಾ ಡಬ್ಬಿಯ ಕೊಳೆಯಾದ ಭಾಗ ಹರಿದು ಹಸಿಗೆ, ಉಳಿದದ್ದು ಒಣಕ್ಕೆ. ಪೂಜೆಯ ಹಾರವನ್ನು ಹಾಗೇ ಹಾಕಬೇಡಿ, ದಾರ ಎಳೆದು ಬೇರೆ ಮಾಡಿ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ ಮೇಲೆ ದೊಡ್ಡದಾಗಿ ‘ಗಾಜು’ ಎಂದು ಬರೆದು, ಬಾಯಿಮಾತಿನಲ್ಲೂ ಹೇಳಿ ಕೊಡಿ. ಆ ಚೀಲಕ್ಕೆ ಕೈ ಹಾಕುವವರು ಎಲ್ಲ ದಿನವೂ ಗವಸು ಹಾಕಿಕೊಂಡಿರುವುದಿಲ್ಲ.

ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಟ್ಟಿಗೆ ಸುರಿಯುತ್ತಾರೆ. ಮತ್ತೇಕೆ ಬೇರೆ ಮಾಡಬೇಕು?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಕೇಳುವವರ ಸಿಟ್ಟೂ ನ್ಯಾಯವೇ. ಕೆಲವು ಬೀದಿಗಳಲ್ಲಿ ಹಾಗೆ ಆಗುವುದುಂಟು. ಆದರೆ ಅಲ್ಲಿಯ ಇಪ್ಪತ್ತು ಮನೆಗಳಲ್ಲಿ ಹದಿನೈದು ಮನೆ ಬೆರೆಸಿಯೇ ಕೊಟ್ಟರೆ ಆಟೊದವರು ಉಳಿದ ಐದು ಮನೆಗಾಗಿ ವಿಂಗಡಿಸುತ್ತಾ ಕೂರುವುದಿಲ್ಲ. ಬೀದಿಯ ಬಹುಪಾಲು ಮನೆಗಳು ಸರಿಯಾದಾಗ ಗಾಡಿಯೂ ಸರಿಯಾಗುತ್ತದೆ. ಆಮೇಲೂ ಬೆರೆಸಿದರೆ ದೂರು ಕೊಡಲು ನಿಮಗೊಂದು ಆಧಾರ ಸಿಗುತ್ತದೆ.

ಅಷ್ಟು ಕಾಯುವ ತಾಳ್ಮೆ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಹಸಿಯನ್ನು ಮನೆಯಲ್ಲೇ ಗೊಬ್ಬರ ಮಾಡಿ, ಒಣದ್ದನ್ನು ಗುಜರಿಯವರಿಗೋ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೋ ಕೊಡಿ. ಈ ಕೇಂದ್ರಗಳಲ್ಲಿ ಹಲವನ್ನು ಚಿಂದಿ ಆಯುವವರೇ ನಡೆಸುತ್ತಾರೆ. ಹಸಿರು ದಳದಂಥ ಸಂಸ್ಥೆ ಅವರ ಜೊತೆ ನಿಂತು ದುಡಿದಿದೆ. ಹೀಗೆ ಮಾಡಿದರೆ ಗಾಡಿಗೆ ಉಳಿಯುವುದು ಕೆಂಪು ಬುಟ್ಟಿ ಮಾತ್ರ. ಅವರು ಅದನ್ನು ಹೇಗೆ ಸುರಿದರೂ ನಿಮ್ಮ ಕೆಲಸ ಕೆಡುವುದಿಲ್ಲ.

ಫ್ಲಾಟಿನ ಬಾಲ್ಕನಿಯಲ್ಲಿ ಗೊಬ್ಬರ ಮಾಡಬಹುದೇ? ಪಕ್ಕದ ಮನೆಯವರು ಜಗಳಕ್ಕೆ ಬರುವುದಿಲ್ಲವೇ?

ಮಾಡಬಹುದು. ವಾಸನೆ ಬಂದರೆ ಜಗಳಕ್ಕೆ ಬರುತ್ತಾರೆ, ಸರಿಯಾಗಿ ಮಾಡಿದರೆ ವಾಸನೆ ಬರುವುದಿಲ್ಲ.

ನಾಲ್ಕು ಜನರ ಮನೆಗೆ 20–25 ಲೀಟರಿನ ಎರಡು ಹಳೆಯ ಬಕೆಟ್ ಅಥವಾ ಪೇಂಟ್ ಡಬ್ಬ ಸಾಕು. ಸುತ್ತಲೂ, ತಳಕ್ಕೂ ತೂತು ಹೊಡೆದು ಕೆಳಗೊಂದು ತಟ್ಟೆ ಇಡಿ. ದುಡ್ಡು ಹಾಕುವ ಮನಸ್ಸಿದ್ದರೆ ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳ ‘ಕಂಬ’ ಸಿಗುತ್ತದೆ. ನೋಡಲೂ ಚೆಂದ, ಮಣ್ಣು ತೇವ ಹೀರಿಕೊಳ್ಳುವುದರಿಂದ ಕೆಲಸವೂ ಸಲೀಸು. ತಳಕ್ಕೆ ಮೂರು ನಾಲ್ಕು ಬೆರಳು ದಪ್ಪ ತರಗೆಲೆ ಅಥವಾ ತೆಂಗಿನ ನಾರು ಹಾಕಿ. ದಿನದ ಸಿಪ್ಪೆಯನ್ನು ನೀರು ಬಸಿದು, ದೊಡ್ಡ ತುಂಡಿದ್ದರೆ ಹೆಚ್ಚಿ ಹಾಕಿ. ಅದರ ಮೇಲೆ ಅಷ್ಟೇ ಅಳತೆಯ ಒಣ ಎಲೆಯೋ ಕೊಕೊಪೀಟೋ ಮುಚ್ಚಿ. ಶುರುವಿನಲ್ಲಿ ಹುಳಿ ಮಜ್ಜಿಗೆಯನ್ನು ನೀರು ಮಾಡಿ ಚಿಮುಕಿಸಿ, ಅಥವಾ ಒಂದು ಹಿಡಿ ಸಗಣಿ ಕದಡಿ ಹಾಕಿ. ಕೊಳೆಸುವ ಸೂಕ್ಷ್ಮಜೀವಿಗಳು ಅದರಲ್ಲಿ ಬೇಕಾದಷ್ಟಿವೆ, ‘ಕಲ್ಚರ್’ ಪೊಟ್ಟಣ ಕೊಳ್ಳಲೇಬೇಕೆಂದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಿ.

ಬಕೆಟ್ ತುಂಬಿದ ಮೇಲೆ ಎತ್ತಿಟ್ಟು ಎರಡನೆಯದಕ್ಕೆ ಕೈ ಹಾಕಿ. ಅದು ತುಂಬುವ ಹೊತ್ತಿಗೆ ಮೊದಲಿನದು ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಗೆ ನೆನೆದ ನೆಲದ ವಾಸನೆ ಹಿಡಿದಿರುತ್ತದೆ. ಮೂಳೆ, ಎಣ್ಣೆ ತೇಲುವ ಸಾರು, ಮಾವಿನ ಓಟೆ, ತೆಂಗಿನ ಚಿಪ್ಪು ಬೇಡ. ಮಿಕ್ಕ ಅನ್ನ ಸ್ವಲ್ಪ ಪರವಾಗಿಲ್ಲ, ಆದರೆ ಅದನ್ನು ಹಾಕಿದ ದಿನ ಒಣ ಎಲೆ ಹೆಚ್ಚಿಗೆ ಬೇಕು.

ಎಲೆ ಎಲ್ಲಿಂದ ತರುವುದು ಎಂದು ಕೇಳುವವರು ಬೆಳಗ್ಗೆ ಬೀದಿ ಗುಡಿಸುವವರನ್ನು ಕೇಳಿ ನೋಡಿ. ಒಂದು ಗೋಣಿಚೀಲ ಕೊಟ್ಟರೆ ಖುಷಿಯಾಗಿ ತುಂಬಿಕೊಡುತ್ತಾರೆ. ಸುಟ್ಟು ಹೊಗೆಯಾಗಬೇಕಿದ್ದ ಎಲೆ ಅದು.

ಅಯ್ಯೋ, ಬಕೆಟ್ಟಿನಲ್ಲಿ ಬಿಳಿ ಹುಳ ಬಂದಿವೆ! ಎಸೆದುಬಿಡಲೇ?

ಬೇಡ. ಅವು ಹೆಚ್ಚಾಗಿ ಕಪ್ಪು ಸೈನಿಕ ನೊಣ ಎಂಬ ಒಂದು ಜಾತಿಯ ನೊಣದ ಮರಿಹುಳು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ನಿಮಗಿಂತ ಚುರುಕಾಗಿ ಕಸ ಕರಗಿಸುತ್ತವೆ. ಅವು ಬಂದಿವೆ ಎಂದರೆ ತೇವ ಹೆಚ್ಚಾಗಿದೆ ಎಂದರ್ಥ, ಒಣ ಎಲೆ ಹಾಕಿ ತಿರುವಿದರೆ ಕಡಿಮೆಯಾಗುತ್ತವೆ. ಕೆಟ್ಟ ನಾತಕ್ಕೂ ಇದೇ ಮದ್ದು. ಇರುವೆ ಹತ್ತಿದರೆ ಉಲ್ಟಾ: ಒಣಗಿ ಹೋಗಿದೆ, ನೀರು ಚಿಮುಕಿಸಿ. ಇಲಿ ಕಾಟವಿದ್ದರೆ ಮುಚ್ಚಳ ಬಿಗಿ ಮಾಡಿ, ತೂತುಗಳಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ.

ಗೊಬ್ಬರ ಆಯಿತು. ನಮ್ಮ ಮನೆಯಲ್ಲಿ ಇರುವುದು ಒಂದು ತುಳಸಿ ಗಿಡ ಮಾತ್ರ.

ಬೀದಿಯ ಮರದ ಬುಡಕ್ಕೆ ಹಾಕಿ. ಅಥವಾ ಗಿಡದ ಹುಚ್ಚಿರುವ ಗೆಳೆಯರಿಗೆ ಕೊಡಿ, ಇನ್ನಷ್ಟು ಕೇಳಿಕೊಂಡು ಅವರೇ ಬರುತ್ತಾರೆ.

ಹಾಲಿನ ಪ್ಯಾಕೆಟ್ ದಿನಕ್ಕೆ ಎರಡು ಬರುತ್ತದೆ. ಅದಕ್ಕೇನು ಮಾಡುವುದು?

ಕತ್ತರಿಸುವಾಗ ಮೂಲೆಯ ತುಂಡನ್ನು ಪೂರ್ತಿ ಬೇರೆ ಮಾಡಬೇಡಿ, ಅಂಟಿಕೊಂಡೇ ಇರಲಿ. ಬೇರೆಯಾದ ಆ ಚೂರು ಸಿಂಕಿನ ತೂತಿನಿಂದ ಮೋರಿಗೆ, ಮೋರಿಯಿಂದ ಕೆರೆಗೆ ಹೋಗುತ್ತದೆ. ಅಷ್ಟು ಚಿಕ್ಕದನ್ನು ಆಯಲು ಯಾರಿಗೂ ಸಾಧ್ಯವಿಲ್ಲ. ಪ್ಯಾಕೆಟ್ಟನ್ನು ಸ್ವಲ್ಪ ನೀರಲ್ಲಿ ಅಲುಬಿ, ಆ ನೀರನ್ನು ಗಿಡಕ್ಕೆ ಹಾಕಿ, ಪ್ಯಾಕೆಟ್ಟನ್ನು ಅಡುಗೆಮನೆಯ ಟೈಲ್ಸಿಗೆ ಅಂಟಿಸಿ. ಒಣಗಿದ ಮೇಲೆ ತಾನೇ ಉದುರುತ್ತದೆ. ನಮ್ಮ ತಾಯಂದಿರು ಗುಜರಿಯ ಚಿಲ್ಲರೆ ಕಾಸಿಗಾಗಿ ಮಾಡುತ್ತಿದ್ದ ಕೆಲಸ ಇದು. ನಂದಿನಿ ಕವರ್ ಒಂದೇ ಜಾತಿಯ ಪ್ಲಾಸ್ಟಿಕ್ ಆದ್ದರಿಂದ ಗುಜರಿಯವರು ಇಂದಿಗೂ ತೂಕಕ್ಕೆ ಕೊಳ್ಳುತ್ತಾರೆ.

ಚಿಪ್ಸು, ಬಿಸ್ಕತ್ತಿನ ಹೊಳೆಯುವ ಪೊಟ್ಟಣ ಹಾಗಲ್ಲ. ಪ್ಲಾಸ್ಟಿಕ್ ಪದರಕ್ಕೆ ಲೋಹದ ತೆಳು ಲೇಪ ಅಂಟಿರುತ್ತದೆ, ಬಿಡಿಸಲು ಬರುವುದಿಲ್ಲ, ಕೊಳ್ಳುವವರೂ ಇಲ್ಲ. ತೊಳೆದು ಒಣ ಚೀಲಕ್ಕೇ ಹಾಕಿ, ಆದರೆ ಮರುಬಳಕೆ ಆಗುತ್ತದೆ ಎಂಬ ಭ್ರಮೆ ಬೇಡ. ಕಡಿಮೆ ತರುವುದೊಂದೇ ಇದಕ್ಕೆ ಉಪಾಯ. ಕಾಂಡಿಮೆಂಟ್ಸ್ ಅಂಗಡಿಗೆ ಡಬ್ಬಿ ಹಿಡಿದು ಹೋದರೆ ಕೋಡುಬಳೆ, ನಿಪ್ಪಟ್ಟು ಪೊಟ್ಟಣವಿಲ್ಲದೆಯೇ ಬರುತ್ತದೆ.

ಈಗ ಅಂಗಡಿಯಲ್ಲಿ ‘ಕಾಂಪೋಸ್ಟೆಬಲ್’ ಎಂದು ಬರೆದ ಕವರ್ ಕೊಡುತ್ತಾರಲ್ಲ, ಅದು ಒಳ್ಳೆಯದೇ?

ಅವು ಕರಗಲು ದೊಡ್ಡ ಗೊಬ್ಬರ ಘಟಕದ ಹದವಾದ ಬಿಸಿ ಬೇಕು. ಬಾಲ್ಕನಿಯ ಬಕೆಟ್ಟಿನಲ್ಲಿ ತಿಂಗಳುಗಟ್ಟಲೆ ಹಾಗೇ ಕೂರುತ್ತವೆ. ಸಾದಾ ಪ್ಲಾಸ್ಟಿಕ್ಕಿನ ಜೊತೆ ಬೆರೆತರೆ ಅದರ ಮರುಬಳಕೆಯನ್ನೂ ಕೆಡಿಸುತ್ತವೆ. ಬಯಲಲ್ಲಿ ಬಿದ್ದರೆ ಹಸುವಿನ ಹೊಟ್ಟೆಗೆ ಎರಡೂ ಒಂದೇ.

ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸು ಎಲ್ಲವನ್ನೂ ನಿಷೇಧಿಸಿತು. ದೇಶಕ್ಕೆಲ್ಲ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ನಿಷೇಧ ಬಂದದ್ದು 2022ರ ಜುಲೈ 1ರಂದು. ಹೂವಿನ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಇವೆರಡರ ಗತಿ ತಿಳಿಯುತ್ತದೆ. ಆದ್ದರಿಂದ ಕೈಯಲ್ಲಿ ಚೀಲ ಇರಬೇಕಾದದ್ದು ನಮಗೇ.

ಅದಕ್ಕೆಂದು ಹೊಸ ಬಟ್ಟೆ ಚೀಲ ಗುಡ್ಡೆ ಹಾಕಿಕೊಳ್ಳುವುದೂ ಸರಿಯಲ್ಲ. ಹತ್ತಿ ಬೆಳೆಯಲು ನೀರು, ಗೊಬ್ಬರ, ಕೀಟನಾಶಕ ಬಹಳ ಬೇಕು. ನೂರಾರು ಸಲ ಬಳಸಿದರೆ ಮಾತ್ರ ಆ ಚೀಲಕ್ಕೆ ನ್ಯಾಯ. ಮದುವೆಗಳಲ್ಲಿ ತಾಂಬೂಲದ ಜೊತೆ ಬಂದ ಚೀಲಗಳೇ ಎಲ್ಲ ಮನೆಯಲ್ಲೂ ಬಾಗಿಲ ಹಿಂದೆ ತೂಗುತ್ತಿರುತ್ತವೆ. ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಅಜ್ಜಿಯ ಕಾಲದ ಬುಟ್ಟಿ ಇನ್ನೂ ಗಟ್ಟಿಯಾಗಿದ್ದರೆ ಅದಕ್ಕಿಂತ ಒಳ್ಳೆಯ ಮಾರ್ಕೆಟ್ ಚೀಲ ಇಲ್ಲ.

ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ತೆಗೆದು ಗಾಜು, ಸ್ಟೀಲು ತರಬೇಕೆಂದಿದ್ದೇವೆ.

ಇರುವುದು ಒಡೆಯುವವರೆಗೆ ಬಳಸಿ. ಬಿಸಿ ಸಾರು, ಉಪ್ಪಿನಕಾಯಿ ಮಾತ್ರ ಗಾಜು, ಪಿಂಗಾಣಿ ಜಾಡಿಗೆ ಹೋಗಲಿ. ಬೇಳೆಕಾಳಿಗೆ ಹಳೆ ಡಬ್ಬಿಯಿಂದ ತೊಂದರೆಯಿಲ್ಲ.

ನೀರು ಎಲ್ಲಿ ಹೆಚ್ಚು ಪೋಲಾಗುತ್ತದೆ?

ಬಚ್ಚಲಲ್ಲಿ ಮತ್ತು ಕಕ್ಕಸಿನಲ್ಲಿ. ಗಿಡಕ್ಕೆ ಒಂದು ಚೊಂಬು ಹೆಚ್ಚು ಹಾಕಿದ್ದಕ್ಕೆ ಮನೆಯಲ್ಲಿ ಮಾತು ಬರುತ್ತದೆ, ಫ್ಲಶ್ ಟ್ಯಾಂಕಿನ ವಾಷರ್ ಸವೆದು ರಾತ್ರಿಯಿಡೀ ಸಣ್ಣಗೆ ಸೋರುವುದು ಯಾರ ಕಿವಿಗೂ ಬೀಳುವುದಿಲ್ಲ. ಟ್ಯಾಂಕಿಗೆ ಒಂದು ಚಿಟಿಕೆ ಅರಿಶಿನವೋ ಕುಂಕುಮವೋ ಕದಡಿ ಹತ್ತು ನಿಮಿಷ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನ ನೀರಿಗೆ ಬಣ್ಣ ಬಂದರೆ ಸೋರುತ್ತಿದೆ. ಹಳೆಯ ದೊಡ್ಡ ಟ್ಯಾಂಕಾದರೆ ಒಂದು ಲೀಟರಿನ ಬಾಟಲಿಗೆ ನೀರು ತುಂಬಿ ಬಿಗಿಯಾಗಿ ಮುಚ್ಚಿ ಒಳಗಿಡಿ. ಪ್ರತಿ ಫ್ಲಶ್ಶಿಗೂ ಅಷ್ಟು ನೀರು ಉಳಿಯುತ್ತದೆ.

ನಲ್ಲಿಯ ಬಾಯಿಗೆ ಹಾಕುವ ಏರೇಟರ್ ಎಂಬ ಸಣ್ಣ ಜಾಲರಿ ನೀರಿಗೆ ಗಾಳಿ ಬೆರೆಸುತ್ತದೆ. ಧಾರೆ ಮೊದಲಿನಷ್ಟೇ ದಪ್ಪಗೆ ಕಂಡರೂ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಹೋಟೆಲು, ಕಚೇರಿಗಳಿಗೆ ಇದನ್ನು ಕಡ್ಡಾಯ ಮಾಡಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದೂ ಹೇಳಿತು. ಬಕೆಟ್ಟಿಗೆ ನೀರು ತುಂಬುವ ನಲ್ಲಿಗೆ ಏರೇಟರ್ ಹಾಕಬೇಡಿ, ತುಂಬಲು ಹೊತ್ತು ಹಿಡಿಯುತ್ತದೆಯೇ ಹೊರತು ಉಳಿತಾಯವಿಲ್ಲ.

ಬೆಂಗಳೂರಿನಲ್ಲಿ ನೀರು ಉಳಿಸುವುದೆಂದರೆ ವಿದ್ಯುತ್ ಉಳಿಸುವುದೂ ಹೌದು. ಕಾವೇರಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತಾಳೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ವ್ಯವಸ್ಥೆ ಆಯಿತು. ಆ ಏರನ್ನು ಒಂದೊಂದು ಹನಿಯೂ ಕರೆಂಟಿನಲ್ಲೇ ಹತ್ತಬೇಕು.

ಆರ್‌ಒ ಫಿಲ್ಟರ್ ಬೇಕೇ ಬೇಕೇ?

ಕಾವೇರಿ ನೀರು ಬರುವ ಮನೆಗೆ ಬೇಡ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ, ಕಾವೇರಿ ನೀರು ಅದಕ್ಕಿಂತ ಎಷ್ಟೋ ಕೆಳಗಿದೆ. ಕುದಿಸಿ ಆರಿಸಿದರೆ ಸಾಕು, ಅಥವಾ ಯುವಿ ಫಿಲ್ಟರ್ ಸಾಕು. ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ತಳ್ಳುತ್ತದೆ.

ಬೋರ್‌ವೆಲ್ ನೀರು ಗಡುಸಾಗಿದ್ದು ಆರ್‌ಒ ಇಡಲೇಬೇಕಾದವರು ಹೊರಹೋಗುವ ನೀರಿನ ಪೈಪನ್ನು ಬಕೆಟ್ಟಿಗೆ ಬಿಡಿ. ನೆಲ ಒರೆಸಲು, ಕಕ್ಕಸಿಗೆ ಆಗುತ್ತದೆ. ಗಿಡಕ್ಕೆ ದಿನಾ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕೂರುತ್ತದೆ.

30x40 ಸೈಟಿನ ಸಣ್ಣ ಮನೆಗೆ ಮಳೆ ನೀರಿನಿಂದ ಏನು ಮಹಾ ಸಿಗುತ್ತದೆ?

ಲೆಕ್ಕ ಹಾಕಿ ನೋಡೋಣ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 1,000 ಚದರಡಿಯ ತಾರಸಿ ಸುಮಾರು 93 ಚದರ ಮೀಟರ್, ಅಂದರೆ ವರ್ಷಕ್ಕೆ 90,000 ಲೀಟರ್. ಆವಿಯಾಗಿ, ಚೆಲ್ಲಿ ಹೋದದ್ದನ್ನು ಕಳೆದರೂ 70,000 ಲೀಟರ್ ಕೈಗೆ ಸಿಗಬೇಕು. 6,000 ಲೀಟರಿನ ಟ್ಯಾಂಕರಿಗೆ ಈಗ ಎಷ್ಟು ಕೊಡುತ್ತಿದ್ದೀರಿ, ನೀವೇ ಗುಣಿಸಿಕೊಳ್ಳಿ.

ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಲ್ಲೇ 1,200 ಚದರಡಿ ಸೈಟಿನ ಹೊಸ ಮನೆಗೂ 2,400 ಚದರಡಿ ಸೈಟಿನ ಹಳೆ ಮನೆಗೂ ಮಳೆ ನೀರು ಸಂಗ್ರಹ ಕಡ್ಡಾಯವಾಗಿತ್ತು. ಬಹಳ ಮನೆಗಳಲ್ಲಿ ಇದು ಎನ್‌ಒಸಿಗೆಂದು ಕೂರಿಸಿದ ಒಂದು ಪೈಪು, ಒಂದು ಡ್ರಮ್ಮು ಅಷ್ಟೇ ಆಗಿ ಉಳಿದಿದೆ. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಿ, ಫಿಲ್ಟರಿನ ಜಲ್ಲಿ, ಮರಳು ತೊಳೆದು, ಮೊದಲ ಒಂದೆರಡು ಮಳೆಯನ್ನು ಹೊರಗೆ ಬಿಡಿ, ಆಮೇಲಿನದು ಸಂಪಿಗೆ ಹೋಗಲಿ. ಸಂಪು ತುಂಬಿದ ಮೇಲೆ ಇಂಗು ಬಾವಿಗೆ. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ಈ ಬಾವಿಯನ್ನು ಕೈಯಲ್ಲೇ ತೋಡುವ ಮಣ್ಣು ವಡ್ಡರ ಕುಟುಂಬಗಳು ಬೆಂಗಳೂರಿನ ಸುತ್ತ ಈಗಲೂ ಇವೆ. ಯಾವ ಪದರದಲ್ಲಿ ನೀರು ಇಂಗುತ್ತದೆ ಎಂಬುದು ಅವರಿಗೆ ಮಣ್ಣು ಮುಟ್ಟಿದರೆ ತಿಳಿಯುತ್ತದೆ. ಸೋಸದ ಮಳೆ ನೀರನ್ನು ನೇರ ಬೋರ್‌ವೆಲ್ಲಿಗೆ ಬಿಡುವುದು ಮಾತ್ರ ಬೇಡವೇ ಬೇಡ, ಅಂತರ್ಜಲಕ್ಕೆ ಕೊಳೆ ಇಳಿಸಿದಂತಾಗುತ್ತದೆ.

ಮಾದರಿ ನೋಡಬೇಕೆನ್ನುವವರಿಗೆ ಜಯನಗರದಲ್ಲಿ ಜಲಮಂಡಳಿಯ ಮಳೆ ನೀರು ಸಂಗ್ರಹ ಥೀಮ್ ಪಾರ್ಕ್ ಇದೆ.

ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತದೆ. ಕರೆಂಟ್ ಉಳಿಸಿ ಏನು ಲಾಭ?

2023ರಲ್ಲಿ ಬಂದ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಮಿತಿ ಇದ್ದರೂ ನಿಮ್ಮ ಪಾಲು ನಿಮ್ಮದೇ ಹಿಂದಿನ ಸರಾಸರಿಯ ಮೇಲೆ ನಿಂತಿದೆ. ಪಾಲಿಗಿಂತ ಹೆಚ್ಚು ಸುಟ್ಟರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಅದು ಜೇಬಿನ ಮಾತು. ರಾಯಚೂರು, ಬಳ್ಳಾರಿಯ ಶಾಖೋತ್ಪನ್ನ ಕೇಂದ್ರಗಳಲ್ಲಿ ಸುಡುವ ಕಲ್ಲಿದ್ದಲಿಗೆ ನಿಮ್ಮ ಬಿಲ್ಲು ಸೊನ್ನೆ ಎಂದು ಗೊತ್ತಿಲ್ಲ. ಪಾವಗಡದ ಸೋಲಾರ್ ಪಾರ್ಕಿನ 2,050 ಮೆಗಾವ್ಯಾಟ್ ಸಾಮರ್ಥ್ಯವೂ ರಾತ್ರಿ ಹೊತ್ತು ಕೈಗೆ ಬರುವುದಿಲ್ಲ.

ಇನ್ನು ಎಲ್ಲಿ ಉಳಿಸುವುದು? ಲೈಟು ಆರಿಸಲಿಲ್ಲ ಎಂದು ಮಕ್ಕಳಿಗೆ ಬೈಯುವ ಮೊದಲು ಗೀಸರಿನತ್ತ ನೋಡಿ. 20 ಲೀಟರಿನ ಒಂದು ಬಕೆಟ್ ನೀರನ್ನು ಸ್ನಾನದ ಹದಕ್ಕೆ ಕಾಯಿಸಲು ಸುಮಾರು 0.4 ಯೂನಿಟ್ ಬೇಕು. ನಾಲ್ಕು ಜನರಿಗೆ ದಿನಕ್ಕೆ 1.6 ಯೂನಿಟ್, ತಿಂಗಳಿಗೆ ಐವತ್ತರ ಹತ್ತಿರ. ಆ 1.6 ಯೂನಿಟ್ಟಿನಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬು 170 ಗಂಟೆಗೂ ಹೆಚ್ಚು ಉರಿಯುತ್ತದೆ. ಗೀಸರನ್ನು ಸ್ನಾನಕ್ಕೆ ಹತ್ತು ನಿಮಿಷ ಮೊದಲು ಹಾಕಿ, ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ, ಆರಿಸಿ. ಷವರ್ ಬಿಟ್ಟು ಬಕೆಟ್ಟಿಗೆ ಬಂದರೆ ನೀರೂ ಬಿಸಿಯೂ ಎರಡೂ ಉಳಿಯುತ್ತವೆ.

ಎರಡನೆಯದು ಫ್ಯಾನು. ಹಳೆಯದು ಸುಮಾರು 75 ವ್ಯಾಟ್, ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಫ್ಯಾನಾದರೆ ವರ್ಷಕ್ಕೆ 200 ಯೂನಿಟ್ಟಿನಷ್ಟು ವ್ಯತ್ಯಾಸ. ಹೆಚ್ಚು ಹೊತ್ತು ತಿರುಗುವ ಒಂದನ್ನು ಮಾತ್ರ ಬದಲಿಸಿ, ಅತಿಥಿಗಳ ಕೋಣೆಯದು ಹಾಗೇ ಇರಲಿ.

ಸೋಲಾರ್ ಹಾಕಿಸುವುದು ಲಾಭವೇ?

ನೀರು ಕಾಯಿಸುವ ಸೋಲಾರ್ ಖಂಡಿತ ಲಾಭ. ಬೆಂಗಳೂರಿನ ತಾರಸಿಗಳಲ್ಲಿ ಅದು ದಶಕಗಳಿಂದ ಇದೆ, ಬೆಸ್ಕಾಂ ಬಿಲ್ಲಿನಲ್ಲಿ ರಿಯಾಯಿತಿಯೂ ಇತ್ತು. ಒಂದೇ ತಕರಾರು: ಬಿಸಿ ನೀರು ನಲ್ಲಿಗೆ ಇಳಿಯುವಷ್ಟರಲ್ಲಿ ಒಂದು ಬಕೆಟ್ ತಣ್ಣೀರು ಮೋರಿಗೆ. ಆ ನೀರನ್ನು ಹಿಡಿದಿಟ್ಟು ಬಟ್ಟೆಗೆ ಬಳಸಿ, ಪೈಪಿಗೆ ಬಿಸಿ ತಡೆಯುವ ಫೋಮ್ ಸುತ್ತಿಸಿ.

ವಿದ್ಯುತ್ ಮಾಡುವ ಸೋಲಾರ್‌ಗೆ ಸ್ವಂತ ತಾರಸಿ ಬೇಕು. 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಜಾಗ, ದಿನಕ್ಕೆ ಸರಾಸರಿ 4 ಯೂನಿಟ್. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಇಟ್ಟರು. ಸೊನ್ನೆ ಬಿಲ್ಲಿನ ಮನೆಗೆ ಹಣದ ಲೆಕ್ಕದಲ್ಲಿ ಇದು ಈಗಲೇ ಗಿಟ್ಟುವುದಿಲ್ಲ, ತಿಂಗಳಿಗೆ 300–400 ಯೂನಿಟ್ ಸುಡುವ ಮನೆಗೆ ಗಿಟ್ಟುತ್ತದೆ.

ಊರಲ್ಲಿ ಅಪ್ಪ ಬಚ್ಚಲ ಒಲೆಗೆ ಪ್ಲಾಸ್ಟಿಕ್ ಕವರ್ ಹಾಕಿ ಹಂಡೆ ಕಾಯಿಸುತ್ತಾರೆ. ಹೇಳಿದರೆ ಕೇಳುವುದಿಲ್ಲ.

ಕಸ ಹೊತ್ತೊಯ್ಯುವ ಗಾಡಿ ಬಾರದ ಊರುಗಳಲ್ಲಿ ಇದು ಮನೆಮನೆಯ ಅಭ್ಯಾಸ. ಅಪ್ಪಂದಿರ ಲೆಕ್ಕದಲ್ಲಿ ಕಸವೂ ಹೋಯಿತು, ನೀರೂ ಕಾಯಿತು. ಆದರೆ ಆ ಹೊಗೆ ಕೆಲವು ಬಗೆಯ ಪ್ಲಾಸ್ಟಿಕ್ಕಿನಿಂದ ಡಯಾಕ್ಸಿನ್‌ನಂಥ ವಿಷ ಹೊತ್ತು ಬರುತ್ತದೆ. ಅದನ್ನು ಮೊದಲು ಕುಡಿಯುವವರು ಒಲೆ ಮುಂದೆ ಕೂತವರೇ. ಬೂದಿಯನ್ನು ಬಸಳೆ ಚಪ್ಪರದ ಬುಡಕ್ಕೆ ಹಾಕಿದರೆ ಸೊಪ್ಪಿನ ಮೂಲಕ ತಟ್ಟೆಗೂ ಬರಬಹುದು. ಪರಿಸರ ಎಂದರೆ ಕೇಳದವರು ಈ ಮಾತಿಗೆ ಕೇಳುತ್ತಾರೆ. ತೆಂಗಿನ ಮಟ್ಟೆ, ಗರಟ, ಅಡಿಕೆ ಸಿಪ್ಪೆ ಉರಿಸಲಿ. ಪ್ಲಾಸ್ಟಿಕ್ಕನ್ನು ಒಂದು ಗೋಣಿಗೆ ತುಂಬಿಡಲು ಹೇಳಿ, ಊರಿಗೆ ಹೋದಾಗ ನೀವೇ ತಂದು ಗುಜರಿಗೆ ಹಾಕಿ.

ಹಂಡೆಯ ಒಲೆಯನ್ನೇ ಬದಲಿಸಲು ಮನಸ್ಸಿದ್ದರೆ ಅಸ್ತ್ರ ಒಲೆಯನ್ನು ನೆನಪಿಸಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗ ರೂಪಿಸಿದ, ಕಡಿಮೆ ಸೌದೆಯ, ಹೊಗೆ ಕೊಳವೆಯಿರುವ ಒಲೆ ಅದು. ಕರ್ನಾಟಕದ ಹಳ್ಳಿಗಳಲ್ಲಿ ಬಹಳ ಮನೆಗಳು ಅದನ್ನು ಕಟ್ಟಿಸಿಕೊಂಡಿದ್ದವು.

ಅಡುಗೆಮನೆಯಲ್ಲಿ ಗ್ಯಾಸ್ ಉಳಿಸುವ ಬಗೆ?

ಕಾಳನ್ನು ರಾತ್ರಿಯೇ ನೆನೆಹಾಕಿ. ಕುಕ್ಕರಿನಲ್ಲಿ ಅನ್ನ, ಬೇಳೆ, ತರಕಾರಿ ಒಂದರ ಮೇಲೊಂದು ಬೇಯಲಿ. ಮೊದಲ ಸೀಟಿಯ ಮೇಲೆ ಉರಿ ಸಣ್ಣದು ಮಾಡಿ, ಆವಿ ತಾನೇ ಇಳಿಯಲು ಬಿಡಿ. ಫ್ರಿಜ್ಜಿನಿಂದ ತೆಗೆದದ್ದನ್ನು ನೇರ ಒಲೆಗಿಡಬೇಡಿ. ಇಷ್ಟೇ.

ಅದಕ್ಕಿಂತ ದೊಡ್ಡ ಉಳಿತಾಯ ಆಹಾರ ಬಿಸಾಡದಿರುವುದು. ಹೀರೇಕಾಯಿ ಸಿಪ್ಪೆ ಚಟ್ನಿ, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ಹಲಸಿನ ಬೀಜದ ಸಾರು, ಬಾಳೆಕಾಯಿ ಸಿಪ್ಪೆಯ ಪಲ್ಯ ಕಂಡುಹಿಡಿದವರು ಪರಿಸರದ ಭಾಷಣ ಕೇಳಿದವರಲ್ಲ. ಹಸು ಇದ್ದ ಮನೆಗಳಲ್ಲಿ ಅಕ್ಕಿ ತೊಳೆದ ನೀರು ಕಲಗಚ್ಚಿಗೆ ಹೋಗುತ್ತಿತ್ತು. ಈಗ ಕರಿಬೇವಿನ ಕುಂಡಕ್ಕೆ ಹೋಗಲಿ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ.

ರಾಸಾಯನಿಕವಿಲ್ಲದೆ ಪಾತ್ರೆ, ಬಟ್ಟೆ, ನೆಲ ಶುಚಿಯಾಗುತ್ತದೆಯೇ?

ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರುತ್ತಿದ್ದದ್ದು, 2017ರ ಫೆಬ್ರುವರಿಯಲ್ಲಿ ಆ ಕೆರೆಗೇ ಬೆಂಕಿ ಬಿದ್ದದ್ದು ನೆನಪಿರಬಹುದು. ಆ ನೊರೆಯಲ್ಲಿ ಸಂಸ್ಕರಿಸದ ಚರಂಡಿ ನೀರಿನ ಜೊತೆ ಬಂದ ಸೋಪಿನ ಪುಡಿಯ ಪಾಲು ದೊಡ್ಡದು. ಸಂಸ್ಕರಣೆ ಸರ್ಕಾರದ ಕೆಲಸ. ಪುಡಿಯ ಅಳತೆ ಮಾತ್ರ ನಮ್ಮ ಕೈಯಲ್ಲಿದೆ. ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಕಡಿಮೆ ಹಾಕಿ ನೋಡಿ, ಬೆವರಿನ ಬಟ್ಟೆ ಅಷ್ಟಕ್ಕೇ ಶುಚಿಯಾಗುತ್ತದೆ.

ರೇಷ್ಮೆ, ಉಣ್ಣೆಗೆ ಅಂಟುವಾಳ ಇವತ್ತಿಗೂ ಉತ್ತಮ. ರಾತ್ರಿ ನೆನೆಸಿ, ಕುದಿಸಿ, ಹಿಚುಕಿ, ಸೋಸಿ. ನೆಲಕ್ಕೆ, ಬಚ್ಚಲಿಗೆ ಬಯೋ ಎಂಜೈಮ್ ಮಾಡಿಕೊಳ್ಳಬಹುದು: ಬೆಲ್ಲ 1 ಭಾಗ, ನಿಂಬೆ ಕಿತ್ತಳೆ ಸಿಪ್ಪೆ 3 ಭಾಗ, ನೀರು 10 ಭಾಗ, ಮೂರು ತಿಂಗಳು. ಪ್ಲಾಸ್ಟಿಕ್ ಬಾಟಲಿಯಲ್ಲೇ ಮಾಡಿ, ಗಾಜು ಬೇಡ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸದಿದ್ದರೆ ಗ್ಯಾಸು ತುಂಬಿ ಸಿಡಿಯುತ್ತದೆ. ಕೊಳೆ ತೆಗೆಯಲು ಒಳ್ಳೆಯದು, ಆದರೆ ರೋಗಿ ಇರುವ ಮನೆಯಲ್ಲಿ ಇದನ್ನೇ ಸೋಂಕುನಾಶಕ ಎಂದು ನಂಬಬೇಡಿ.

ಪ್ಯಾಡ್ ಮತ್ತು ಡೈಪರ್ ವಿಷಯ ಕೇಳಲು ಮುಜುಗರ, ಆದರೂ ಕೇಳುತ್ತಿದ್ದೇನೆ.

ಮುಜುಗರವೇಕೆ, ಕೆಂಪು ಬುಟ್ಟಿ ತುಂಬುವುದೇ ಇವುಗಳಿಂದ. ಕಪ್ಪು ಕವರಿಗೆ ಹಾಕಬೇಡಿ. ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿದರೆ ಪೌರಕಾರ್ಮಿಕರು ಬಿಚ್ಚಿ ನೋಡಬೇಕಾಗುವುದಿಲ್ಲ. ಮುಟ್ಟಿನ ಕಪ್ ಚೆನ್ನಾಗಿಟ್ಟುಕೊಂಡರೆ ಹಲವು ವರ್ಷ ಬರುತ್ತದೆ, ಒಗ್ಗಿಕೊಳ್ಳಲು ಕೆಲವು ತಿಂಗಳು ಬೇಕು. ಒಗ್ಗದವರಿಗೆ ಬಟ್ಟೆ ಪ್ಯಾಡ್, ಬಿಸಿಲಲ್ಲಿ ಒಣಗಿಸಿದ್ದು. ಯಾವುದು ಎಂಬುದು ಬಳಸುವವರ ತೀರ್ಮಾನ, ಇದರಲ್ಲಿ ಬೇರೆಯವರ ಒತ್ತಾಯ ಸಲ್ಲದು. ಮಗುವಿಗೆ ಹಗಲು ಬಟ್ಟೆ, ರಾತ್ರಿಗೂ ಪ್ರಯಾಣಕ್ಕೂ ಡೈಪರ್ ಎಂದಿಟ್ಟುಕೊಂಡರೆ ರಾಶಿ ಅರ್ಧ ಇಳಿಯುತ್ತದೆ.

ಹಬ್ಬ, ಸತ್ಯನಾರಾಯಣ ಪೂಜೆ, ನಾಮಕರಣಕ್ಕೆ ಐವತ್ತು ಜನ ಬಂದರೆ?

ಬಾಳೆಲೆ, ಮುತ್ತುಗದ ಎಲೆ, ಅಡಿಕೆ ಹಾಳೆ ತಟ್ಟೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ‘ಪೇಪರ್’ ಬಾಳೆಲೆಗೆ ಮೋಸ ಹೋಗಬೇಡಿ. ಸ್ಟೀಲ್ ತಟ್ಟೆ ಲೋಟ ಕೊಡುವ ತಟ್ಟೆ ಬ್ಯಾಂಕುಗಳು ಬೆಂಗಳೂರಿನಲ್ಲಿವೆ, ಅದಮ್ಯ ಚೇತನ ಸಂಸ್ಥೆಯದ್ದು ಹೆಸರಾದದ್ದು. 200 ಮಿಲಿಯ ನೀರಿನ ಬಾಟಲಿ ಬದಲು ಒಂದು ಕ್ಯಾನು, ಪಕ್ಕದಲ್ಲಿ ಲೋಟ ಇಡಿ. ಗಣಪತಿ ಬಣ್ಣವಿಲ್ಲದ ಮಣ್ಣಿನದಿರಲಿ, ಮನೆಯ ಬಕೆಟ್ಟಿನಲ್ಲೇ ಬಿಟ್ಟು ಆ ಮಣ್ಣನ್ನು ಕುಂಡಕ್ಕೆ ಹಾಕಿ.

ಹಳೆ ಬಟ್ಟೆ, ಕೆಟ್ಟ ಮೊಬೈಲು?

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆಗಳು ಕೌದಿಯಾಗುತ್ತವೆ. ಹೊಲಿಯುವವರು ಗೊತ್ತಿದ್ದರೆ ಕೂಲಿ ಕೊಟ್ಟು ಹೊಲಿಸಿ, ಅದು ಕೈಕೆಲಸದ ಕಸುಬು, ಅಗ್ಗಕ್ಕೆ ಕೇಳಬೇಡಿ. ಮೊಬೈಲು, ಚಾರ್ಜರ್, ಬ್ಯಾಟರಿ, ಟ್ಯೂಬ್‌ಲೈಟ್ ಯಾವುದೂ ಎರಡು ಬುಟ್ಟಿಗಳಿಗೂ ಚೀಲಕ್ಕೂ ಸೇರದು. ಒಂದು ರಟ್ಟಿನ ಡಬ್ಬದಲ್ಲಿ ಕೂಡಿಟ್ಟು ಅಧಿಕೃತ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ.

ಮನೆಯವರು, ಕೆಲಸಕ್ಕೆ ಬರುವವರು ಸಹಕರಿಸುವುದಿಲ್ಲ. ಏನು ಮಾಡಲಿ?

ಮೊದಲು ಕೆಲಸ ಯಾರ ತಲೆಗೆ ಬಿದ್ದಿದೆ ನೋಡಿ. ಬಹಳ ಮನೆಗಳಲ್ಲಿ ಪರಿಸರದ ಉತ್ಸಾಹ ಗಂಡನದು, ಪ್ಯಾಕೆಟ್ ತೊಳೆಯುವ ಕೈ ಹೆಂಡತಿಯದು, ಬಕೆಟ್ ತಿರುವುವುದು ಕೆಲಸದಾಕೆಯ ಪಾಲು. ಹೀಗಿದ್ದರೆ ಯಾರೂ ಸಹಕರಿಸುವುದಿಲ್ಲ, ಸಹಕರಿಸಬೇಕಾಗಿಯೂ ಇಲ್ಲ. ಯಾರು ಹೇಳುತ್ತಾರೋ ಅವರು ಗೊಬ್ಬರದ ಬಕೆಟ್ಟಿನ ಹೊಣೆ ಹೊರಲಿ. ಕೆಲಸದಾಕೆಗೆ ಹೆಚ್ಚಿನ ಕೆಲಸ ಹೇಳಿದರೆ ಸಂಬಳವೂ ಹೆಚ್ಚಲಿ. ಬುಟ್ಟಿಗಳ ಮೇಲೆ ಬರೆಯುವ ಬದಲು ಬಣ್ಣದಲ್ಲೇ ಗುರುತಾಗುವಂತೆ ಇಡಿ. ಒಣ ಕಸ ಮಾರಿ ಬಂದ ದುಡ್ಡು ಅವರಿಗೇ ಎಂದರೆ ವಿಂಗಡಣೆ ನಿಮಗಿಂತ ಚೊಕ್ಕಟವಾಗಿ ನಡೆಯುತ್ತದೆ.

ನಮ್ಮದು ಬಾಡಿಗೆ ಮನೆ. ಇದರಲ್ಲಿ ಏನೇನು ಮಾಡಬಹುದು?

ಸೋಲಾರ್, ಮಳೆ ನೀರು, ಇಂಗು ಬಾವಿ ಬಿಟ್ಟು ಉಳಿದ ಎಲ್ಲವೂ. ಗೊಬ್ಬರದ ಬಕೆಟ್ ನಿಮ್ಮ ಜೊತೆ ಲಾರಿ ಹತ್ತುತ್ತದೆ. ಬಿಎಲ್‌ಡಿಸಿ ಫ್ಯಾನನ್ನೂ ಬಿಚ್ಚಿಕೊಂಡು ಹೋಗಬಹುದು. ಏರೇಟರ್ ಕೈಯಲ್ಲೇ ತಿರುಗಿಸಿ ಹಾಕುವಂಥದ್ದು, ಪ್ಲಂಬರ್ ಬೇಡ. ನಲ್ಲಿಯಿಂದ ತೆಗೆದ ಹಳೆ ಜಾಲರಿ, ಬಿಚ್ಚಿದ ಹಳೆ ಫ್ಯಾನು ಎರಡನ್ನೂ ಎತ್ತಿಡಿ. ಮನೆ ಬಿಡುವ ದಿನ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡುವ ಮೊದಲು ಕೇಳುವುದು ಅದನ್ನೇ.